ಗಜಗ್ರಾಹವೂ ನಾಲ್ಕು ತಾಲ್ಲೂಕುಗಳ ಪ್ರಜೆಯೂ

೧

ರಾಜ್ಯಕಾರ್ಯವು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತುಬಿಡುವ ಸ್ಥಿತಿಗೆ ಗಜಗ್ರಾಹವೆಂದು ಹೇಳುವುದುಂಟು. ಆನೆಯು ದಡದ ಕಡೆಗೆ ಎಳೆಯುವುದು, ಮೊಸಳೆಯು ಮಡುವಿನ ಕಡೆಗೆ ಎಳೆಯುವುದು. ಎರಡಕ್ಕೂ ಬಲವುಂಟು, ಎರಡಕ್ಕೂ ಜಯವಿಲ್ಲ. ಪುರಾಣದ ಕಥೆಯಲ್ಲಿ ಶ್ರೀಹರಿಯು ಬಂದು ಆನೆಯನ್ನು ಬಿಡಿಸಿದನು. ಆದರೆ ಆ ಹೋರಾಟವು ನಡೆದಷ್ಟು ಕಾಲವೂ ಮಡುವಿನ ನೀರು ಕದಡಿರಬೇಕಷ್ಟೆ. ಆ ನೀರನ್ನೇ ಕುಡಿದು ಬದುಕತಕ್ಕ ಉಳಿದ ಪ್ರಾಣಿಗಳ ಗತಿಯೇನಾಯಿತೆಂಬುದನ್ನು ಕಥೆ ಹೇಳುವವರು ವಿಚಾರಿಸುವುದಿಲ್ಲ. ರಾಜಕೀಯದ ಗಜಗ್ರಾಹದಲ್ಲಿ ಮೊದಲು ವಿಚಾರಿಸತಕ್ಕದ್ದು ಈ ಕದಡಿದ ನೀರಿನ ಸಂಗತಿಯನ್ನೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂದು ಒಕ್ಕಲುಮಕ್ಕಳು ಆಡುವ ಗಾದೆಯಲ್ಲಿಯೂ ಇದೇ ಅಭಿಪ್ರಾಯವಿದೆ. ಅಲ್ಲಿ ಮಧ್ಯದಲ್ಲಿ ಸಿಕ್ಕಿಕೊಂಡದ್ದು ನೇಗಿಲು, ಕೆಟ್ಟುಹೋದದ್ದು ಬಿತ್ತನೆಯ ಹದ.

ಮೈಸೂರು ಜಿಲ್ಲೆಯ ಪಶ್ಚಿಮಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳು ಈ ವಿಚಾರಕ್ಕೆ ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತವೆ. ಲಕ್ಷ್ಮಣತೀರ್ಥದ ದಡದಲ್ಲಿ ಹುಣಸೂರು. ಚಂಗಾಳ್ವರು ಆಳಿದ, ಕೊಡಗಿನ ಗಡಿಗೆ ಅಂಟಿಕೊಂಡ ನಾಡು ಪಿರಿಯಾಪಟ್ಟಣ. ಕಾವೇರಿಯ ನೀರಿನಿಂದ ಭತ್ತ ಬೆಳೆಯುವ ಹಳೆಯ ಎಡತೊರೆಯ ಸೀಮೆ, ನಾಲ್ವಡಿ ಕೃಷ್ಣರಾಜ ಒಡೆಯರವರ ಹೆಸರನ್ನು ಹೊತ್ತ ಕೃಷ್ಣರಾಜನಗರ. ಕಪಿಲೆಯೂ ಕಾಡೂ ಸೇರಿದಲ್ಲಿ ಹೆಗ್ಗಡದೇವನಕೋಟೆ. ಒಂದೊಂದರ ಮಣ್ಣೂ ಬೇರೆ, ಬೆಳೆಯೂ ಬೇರೆ, ಜನರ ಕಷ್ಟವೂ ಬೇರೆ. ಹೀಗಿದ್ದರೂ ರಾಜಧಾನಿಯಲ್ಲಿ ನಾಯಕರು ಒಬ್ಬರನ್ನೊಬ್ಬರು ಹಿಡಿದೆಳೆಯುತ್ತ ಕುಳಿತಾಗಲೆಲ್ಲ ಈ ನಾಲ್ಕು ಕಡೆಗಳ ಪ್ರಜೆಗೂ ಒಂದೇ ಬಗೆಯ ಅನುಭವವು ಪ್ರಾಪ್ತವಾಗಿದೆ. ಆ ಅನುಭವವನ್ನು ಪ್ರಜೆಯು ಮೂರು ವಿಧವಾಗಿ ಹೊರಗೆಡಹಿದನು: ಮೊದಲು ಬಿನ್ನಹದಿಂದ, ತರುವಾಯ ಸತ್ಯಾಗ್ರಹದಿಂದ, ಕೊನೆಗೆ ಮತದಿಂದ. ಈ ಮೂರು ಉಪಾಯಗಳ ಚರಿತ್ರೆಯನ್ನು ಕ್ರಮವಾಗಿ ನೋಡುವುದು ಪ್ರಯೋಜನಕರವಾಗಿದೆ.

೨

ಪ್ರಜೆಯ ಅಸಮಾಧಾನವೆಂಬುದು ರಾಜನೀತಿಜ್ಞರಿಗೆ ಹೊಸ ವಿಷಯವಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳ ಕಾಲ ಕಣ್ಮರೆಯಾಗಿದ್ದು, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳವರ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅಚ್ಚಾಗಿ ಹೊರಬಂದ ಸಂಗತಿಯು ವಾಚಕರಿಗೆ ತಿಳಿದೇ ಇದೆ. ಆ ಗ್ರಂಥದಲ್ಲಿ ಪ್ರಜೆಗಳ ಮನಸ್ಸು ಕೆಡುವುದಕ್ಕೆ ಮೂರು ಮೆಟ್ಟಿಲುಗಳು ನಿರೂಪಿತವಾಗಿವೆ. ಮೊದಲನೆಯದು ಕ್ಷಯ, ಎಂದರೆ ಜೀವನೋಪಾಯವು ಕುಗ್ಗುವುದು. ಕ್ಷಯದಿಂದ ಲೋಭವು ಹುಟ್ಟುವುದು. ಲೋಭದಿಂದ ವಿರಾಗವು ಹುಟ್ಟುವುದು. ಇಲ್ಲಿ ವಿರಾಗವೆಂದರೆ ಸಂನ್ಯಾಸಿಯ ವೈರಾಗ್ಯವಲ್ಲ. ಆಳುವವನಲ್ಲಿ ಇದ್ದ ಅನುರಾಗವು ಬತ್ತಿಹೋಗುವುದು. ಕೋಪಗೊಂಡ ಪ್ರಜೆಗಿಂತ ವಿರಕ್ತನಾದ ಪ್ರಜೆಯೇ ರಾಜ್ಯಕ್ಕೆ ಹೆಚ್ಚು ಅಪಾಯಕರನು. ಕೋಪಗೊಂಡವನು ಇನ್ನೂ ಕೇಳುತ್ತಿರುವನು. ವಿರಕ್ತನು ಕೇಳುವುದನ್ನೇ ಬಿಟ್ಟುಬಿಡುವನು.

ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ ಕ್ಷಯವು ಭಯಂಕರವಾದ ರೂಪದಲ್ಲಿಯೇ ಬಂದಿತು. ೧೮೭೬ರಿಂದ ೧೮೭೮ರವರೆಗೆ ನಡೆದ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಸಂಸ್ಥಾನವು ಹಾಳುಬಿದ್ದಿತು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಾಗಿದ್ದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಐವತ್ತು ವರ್ಷಗಳ ಇಂಗ್ಲಿಷರ ಆಡಳಿತವು ಮುಗಿದು, ೧೮೮೧ನೆಯ ಇಸವಿ ಮಾರ್ಚಿ ೨೫ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರವರ ವಶಕ್ಕೆ ಬಂದಾಗ ಅವರಿಗೆ ದೊರೆತದ್ದು ಇಂತಹ ರಾಜ್ಯವೇ. ದಿವಾನ್ ಸಿ. ರಂಗಾಚಾರ್ಲು ಅವರು ಅದೇ ವರ್ಷದ ಅಕ್ಟೋಬರ್ ೭ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ತಾಲ್ಲೂಕುಗಳಿಂದ ಆರಿಸಿ ಕರೆಯಿಸಿದ ಜಮೀನುದಾರರೂ ವರ್ತಕರೂ ಒಟ್ಟು ೧೪೪ ಮಂದಿ ಅದರ ಸದಸ್ಯರಾಗಿದ್ದರು. ದೇಶೀಯ ಸಂಸ್ಥಾನಗಳಲ್ಲಿ ಇಂತಹ ಸಭೆಯು ಹುಟ್ಟಿದುದು ಅದೇ ಮೊದಲು.

ಈ ಸಭೆಯ ಬಲವೂ ದೌರ್ಬಲ್ಯವೂ ಒಂದೇ ಕಡೆಯಲ್ಲಿದ್ದವು. ದಸರೆಯ ಕಾಲದಲ್ಲಿ ತಾಲ್ಲೂಕಿನ ಪ್ರತಿನಿಧಿಯು ಎದ್ದುನಿಂತು ತನ್ನ ಕಡೆಯ ಕೆರೆ, ಕಾಲುವೆ, ಕಂದಾಯ, ಕಾಡಿನ ನಿಬಂಧನೆ ಇವುಗಳ ವಿಷಯವಾಗಿ ದಿವಾನರ ಸಮಕ್ಷಮದಲ್ಲಿ ಅರಿಕೆಮಾಡಿಕೊಳ್ಳಬಹುದಾಗಿತ್ತು. ಅಮಲ್ದಾರನ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗಿದ್ದವನಿಗೆ ಅದು ಸಣ್ಣ ಮಾತಲ್ಲ. ಆದರೆ ಕೇಳುವುದಕ್ಕೆ ಅಧಿಕಾರವಿದ್ದಿತೇ ಹೊರತು ಮಾಡಿಸುವುದಕ್ಕೆ ಅಧಿಕಾರವಿರಲಿಲ್ಲ. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ೧೯೨೩ರ ಸುಧಾರಣೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರವು ದೊರೆಯಿತು. ಆದಾಗ್ಯೂ ಮಂತ್ರಿಗಳು ಸಭೆಯ ಮತಕ್ಕೆ ಬಾಧ್ಯರಾಗಲಿಲ್ಲ. ಸಭೆಯು ಬೇಡವೆಂದರೂ ದಿವಾನರ ಆಡಳಿತವು ನಿಲ್ಲುವಂತಿರಲಿಲ್ಲ. ದಿವಾನರು ಬೇಡವೆಂದರೆ ಸಭೆಯ ಮಾತು ನಡೆಯುವಂತಿರಲಿಲ್ಲ. ಗಜಗ್ರಾಹವು ಇಲ್ಲಿ ವ್ಯಕ್ತಿಗಳ ಹಟದಿಂದ ಹುಟ್ಟಿದುದಲ್ಲ, ರಾಜ್ಯಾಂಗದ ಕಟ್ಟಡದಲ್ಲಿಯೇ ಸೇರಿಕೊಂಡಿದ್ದಿತು. ಬಿನ್ನಹದ ಯುಗವು ಅರುವತ್ತು ವರ್ಷಗಳಿಗೂ ಮೀರಿ ನಡೆದು, ಈ ಕಟ್ಟಡದ ಗೋಡೆಗೆ ತಗುಲಿ ನಿಂತಿತು.

೩

ಆ ಗೋಡೆಯು ಬಿರಿದುದು ೧೯೪೭ರಲ್ಲಿ. ಅದಕ್ಕೆ ಮುಂಚೆಯೇ ೧೯೩೮ರ ಏಪ್ರಿಲಿನಲ್ಲಿ ಶಿವಪುರದ ಧ್ವಜಸತ್ಯಾಗ್ರಹವೂ ಅದೇ ತಿಂಗಳ ೨೫ರಂದು ವಿದುರಾಶ್ವತ್ಥದ ಗೋಲೀಬಾರೂ ನಡೆದು, ಸಂಸ್ಥಾನದ ಜನರು ಬಿನ್ನಹವನ್ನು ಬಿಟ್ಟು ಬೇರೆ ದಾರಿಯನ್ನು ಹಿಡಿದಿದ್ದರು. ೧೯೪೦ರಲ್ಲಿ ಪಟ್ಟವೇರಿದ ಜಯಚಾಮರಾಜೇಂದ್ರ ಒಡೆಯರವರು ೧೯೪೭ರ ಆಗಸ್ಟಿನಲ್ಲಿ ಭಾರತದ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ರುಜು ಹಾಕಿದರು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕಸಾಧನ ಇವು ಮೂರೇ ಒಕ್ಕೂಟದ ಪಾಲಿಗೆ ಹೋದುವು. ಸಂಸ್ಥಾನದ ಒಳಗಣ ಆಡಳಿತವು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರ ಕೈಯಲ್ಲಿಯೇ ಉಳಿಯಿತು.

ಪಿರಿಯಾಪಟ್ಟಣದ ಸೀಮೆಯವರಿಗೆ ಇದರ ವೈಚಿತ್ರ್ಯವು ಎಲ್ಲರಿಗಿಂತಲೂ ಸ್ಪಷ್ಟವಾಗಿ ಕಾಣುವಂತಿದ್ದಿತು. ಗಡಿಯಾಚೆಯ ಕೊಡಗು ಇಂಗ್ಲಿಷರ ನೇರವಾದ ಆಳ್ವಿಕೆಯಲ್ಲಿದ್ದ ಪ್ರಾಂತ. ಆಗಸ್ಟ್ ೧೫ರಂದು ಅದು ನೇರವಾಗಿ ಸ್ವತಂತ್ರ ಭಾರತದ ಆಡಳಿತಕ್ಕೆ ಒಳಪಟ್ಟಿತು. ಗಡಿಯ ಈಚೆಗೆ ಸ್ವಾತಂತ್ರ್ಯದ ಬಾವುಟವು ಏರಿತು, ಕಚೇರಿಯ ಒಳಗೆ ಹಳೆಯ ಹುಕುಮೇ ನಡೆಯಿತು. ದೇಶಕ್ಕೆಲ್ಲ ಬಂದ ಸ್ವಾತಂತ್ರ್ಯವು ತಾಲ್ಲೂಕಿನ ಮಟ್ಟಿಗೆ ಎಲ್ಲಿ ನಿಂತುಹೋಯಿತೆಂಬ ಪ್ರಶ್ನೆಯು ಸಾಮಾನ್ಯ ಜನರಲ್ಲಿಯೂ ಹುಟ್ಟುವುದು ಸಹಜವಾಗಿತ್ತು.

ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಕೆ. ಚೆಂಗಲರಾಯ ರೆಡ್ಡಿಯವರು ಜವಾಬ್ದಾರಿ ಸರ್ಕಾರವನ್ನು ಕೇಳಿದರು. ಸರ್ಕಾರವು ಸಮಿತಿ, ವಿಚಾರಣೆ, ಕಾಲಾವಕಾಶ ಎಂಬ ಮಾತುಗಳನ್ನಾಡುತ್ತ ಕಾಲವನ್ನು ತಳ್ಳಿತು. ಸೆಪ್ಟೆಂಬರ್ ೧ರಿಂದ ‘ಮೈಸೂರು ಚಲೋ’ ಎಂಬ ಚಳವಳಿಯು ಆರಂಭವಾಯಿತು. ನಾಯಕರು ಬಂಧನಕ್ಕೊಳಗಾದರು. ನಾಯಕರು ಜೈಲಿಗೆ ಹೋದ ಕೂಡಲೇ ಚಳವಳಿಯು ತಣ್ಣಗಾಗುವುದೆಂದು ಎಣಿಸಿದ್ದವರ ಲೆಕ್ಕವು ತಪ್ಪಿತು. ವಿದ್ಯಾರ್ಥಿಗಳು ಶಾಲೆಗಳನ್ನು ಬಿಟ್ಟರು, ಕಾರ್ಖಾನೆಯ ಕೆಲಸಗಾರರು ಕೈಕಟ್ಟಿ ಕುಳಿತರು, ತಾಲ್ಲೂಕುಗಳಿಂದ ಜನರು ತಂಡತಂಡವಾಗಿ ಹೊರಟರು. ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ಎಳೆಯ ವಿದ್ಯಾರ್ಥಿಯು ಆ ಸೆಪ್ಟೆಂಬರಿನಲ್ಲಿ ಪೋಲೀಸರ ಗುಂಡಿಗೆ ಬಲಿಯಾದನು. ಆ ಹುಡುಗನ ಹೆಸರನ್ನು ಹೊತ್ತ ವೃತ್ತವು ಮೈಸೂರಿನಲ್ಲಿ ಈಗಲೂ ಇದೆ. ದಿನವೂ ಅದನ್ನು ದಾಟಿ ಹೋಗುವ ಸಾವಿರಾರು ಜನರಲ್ಲಿ ಎಷ್ಟು ಮಂದಿ ಆ ಹೆಸರಿನ ಹಿಂದಿರುವ ಪ್ರಾಣವನ್ನು ನೆನೆಯುವರೋ ತಿಳಿಯದು.

ಅಕ್ಟೋಬರಿನಲ್ಲಿ ಒಪ್ಪಂದವಾಯಿತು. ಅಕ್ಟೋಬರ್ ೨೫ರಂದು ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರವನ್ನು ವಹಿಸಿಕೊಂಡಿತು. ಎರಡು ತಿಂಗಳು ಕೂಡ ತುಂಬದೆ, ಅರುವತ್ತು ವರ್ಷಗಳ ಬಿನ್ನಹದಿಂದ ಆಗದೆ ಇದ್ದದ್ದು ಆಯಿತು. ಈ ಜಯಕ್ಕೆ ಕಾರಣವೇನೆಂದು ಯೋಚಿಸಿದರೆ ಒಂದು ಸಂಗತಿಯು ಮುಖ್ಯವಾಗಿ ಕಾಣುತ್ತದೆ. ಅಂದಿನ ಜನರ ಸಿಟ್ಟಿನ ಜತೆಗೆ ಒಂದು ನಿರ್ದಿಷ್ಟವಾದ ಬೇಡಿಕೆಯೂ ಇದ್ದಿತು. ದಿವಾನರು ತೊಲಗಲಿ ಎಂಬಷ್ಟೇ ಅವರ ಮಾತಲ್ಲ. ದಿವಾನರಾಗಲಿ ಮಂತ್ರಿಗಳಾಗಲಿ, ಯಾರು ಬಂದರೂ ಪ್ರಜೆಗಳ ಸಭೆಗೆ ಉತ್ತರ ಕೊಡತಕ್ಕವರಾಗಿರಬೇಕು ಎಂಬುದೇ ಅವರ ಮಾತು. ವಾಸ್ತವವಾಗಿ ರಾಮಸ್ವಾಮಿ ಮೊದಲಿಯಾರ್ ಅವರು ಒಪ್ಪಂದದ ತರುವಾಯವೂ ೧೯೪೯ರವರೆಗೆ ದಿವಾನ ಪದವಿಯಲ್ಲಿದ್ದರು. ವ್ಯಕ್ತಿಯು ಉಳಿದನು, ವ್ಯವಸ್ಥೆಯು ಬದಲಾಯಿತು. ಇದು ಮರೆಯತಕ್ಕ ಸಂಗತಿಯಲ್ಲ.

೪

ಸ್ವತಂತ್ರ ಭಾರತದ ಮೊದಲನೆಯ ದೊಡ್ಡ ಗಜಗ್ರಾಹವು ೧೯೬೯ರಲ್ಲಿ ಸಂಭವಿಸಿತು. ಅದರ ಪ್ರಾರಂಭವಾದದ್ದು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ, ಆ ವರ್ಷದ ಜುಲೈ ತಿಂಗಳಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನದಲ್ಲಿ. ಕಾಂಗ್ರೆಸ್ಸಿನ ಅಧ್ಯಕ್ಷರು ಕನ್ನಡಿಗರಾದ ಎಸ್. ನಿಜಲಿಂಗಪ್ಪನವರು, ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು. ರಾಷ್ಟ್ರಪತಿಯ ಸ್ಥಾನಕ್ಕೆ ಯಾರನ್ನು ನಿಲ್ಲಿಸಬೇಕೆಂಬ ವಿಷಯದಲ್ಲಿ ಎದ್ದ ಭೇದವು ಬೆಳೆಯಿತು. ಜುಲೈ ೧೯ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದವು. ಆಗಸ್ಟಿನಲ್ಲಿ ಪಕ್ಷದ ಅಭ್ಯರ್ಥಿಯು ಸೋತು ವಿ. ವಿ. ಗಿರಿಯವರು ರಾಷ್ಟ್ರಪತಿಯಾದರು. ನವೆಂಬರ್ ೧೨ರಂದು ಪಕ್ಷದ ಅಧ್ಯಕ್ಷರು ಪ್ರಧಾನಮಂತ್ರಿಯನ್ನೇ ಪಕ್ಷದಿಂದ ಹೊರಹಾಕಿದರು. ದೇಶವನ್ನಾಳುವ ಪಕ್ಷವೇ ಎರಡಾಗಿ ಸೀಳಿತು.

ಮೈಸೂರು ರಾಜ್ಯದ ಸರ್ಕಾರವು ವೀರೇಂದ್ರ ಪಾಟೀಲರ ಮುಖಂಡತ್ವದಲ್ಲಿ ನಿಜಲಿಂಗಪ್ಪನವರ ಕಡೆಗೇ ಇದ್ದಿತು. ಈ ರಾಜ್ಯದಲ್ಲಿ ಇಂದಿರಾ ಗಾಂಧಿಯವರ ಪಕ್ಷವನ್ನು ಕಟ್ಟುವ ಭಾರವನ್ನು ಹೊತ್ತವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು. ೧೯೪೧ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಗೆ ಆರಿಸಿಬಂದು, ಬಿನ್ನಹದ ಯುಗದ ಕೊನೆಯನ್ನು ಒಳಗಿನಿಂದಲೇ ಕಂಡವರು ಅವರು. ಮಂತ್ರಿಗಳೂ ಶಾಸಕರೂ ಹೆಚ್ಚಾಗಿ ಎದುರು ಪಾಳೆಯದಲ್ಲಿದ್ದುದರಿಂದ ಅರಸರ ಪ್ರಯತ್ನವು ವ್ಯರ್ಥವಾಗುವುದೆಂದೇ ಅನೇಕರ ಎಣಿಕೆಯಾಗಿತ್ತು.

ಪ್ರಜೆಗಳ ಎಣಿಕೆಯು ಬೇರೆಯಾಗಿತ್ತು. ೧೯೭೧ರ ಲೋಕಸಭೆಯ ಚುನಾವಣೆಯಲ್ಲಿ ಮೈಸೂರು ರಾಜ್ಯದ ೨೭ ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೆ ಸಂದುವು. ಆಳುತ್ತಿದ್ದ ಪಕ್ಷಕ್ಕೆ ಒಂದೂ ಉಳಿಯಲಿಲ್ಲ. ವೀರೇಂದ್ರ ಪಾಟೀಲರು ರಾಜೀನಾಮೆ ಕೊಟ್ಟರು. ಒಂದು ವರ್ಷ ಕಾಲ ರಾಜ್ಯವು ರಾಷ್ಟ್ರಪತಿಯ ಆಳ್ವಿಕೆಗೆ ಒಳಪಟ್ಟಿತು. ೧೯೭೨ರ ಚುನಾವಣೆಯಲ್ಲಿ ವಿಧಾನಸಭೆಯ ೨೧೬ ಸ್ಥಾನಗಳ ಪೈಕಿ ೧೬೫ನ್ನು ಗೆದ್ದು, ಮಾರ್ಚಿ ೨೦ರಂದು ಅರಸರು ಮುಖ್ಯಮಂತ್ರಿಯಾದರು. ಈ ಸಲವೂ ಸಿಟ್ಟಿನ ಜತೆಗೆ ಬೇಡಿಕೆಯು ಇದ್ದಿತು. ಆ ಬೇಡಿಕೆಯ ಹೆಸರು ಭೂಮಿ. ತಿದ್ದುಪಡಿಯಾದ ಭೂಸುಧಾರಣೆಯ ಕಾನೂನಿನಂತೆ ೧೯೭೪ರ ಮಾರ್ಚಿ ೧ರಿಂದ ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿದುವು. ಗೇಣಿದಾರನು ಭೂಮಿಯ ನ್ಯಾಯಮಂಡಳಿಗೆ ಅರ್ಜಿ ಹಾಕಿಕೊಂಡು ತಾನು ಉಳುವ ಹೊಲಕ್ಕೆ ಒಡೆಯನಾಗಬಹುದಾಯಿತು. ಹಿಂದುಳಿದ ವರ್ಗಗಳ ಸ್ಥಿತಿಯನ್ನು ವಿಚಾರಿಸಲು ೧೯೭೨ರಲ್ಲಿ ಎಲ್. ಜಿ. ಹಾವನೂರರ ಆಯೋಗವು ನೇಮಕವಾಗಿ ೧೯೭೫ರಲ್ಲಿ ವರದಿಯನ್ನು ಒಪ್ಪಿಸಿತು. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ಣಾಟಕವೆಂಬ ಹೆಸರು ಬಂದಿತು. ನಾಯಕರ ಕಲಹದಿಂದ ಹುಟ್ಟಿದ ಚುನಾವಣೆಯು ಒಕ್ಕಲಿನವನ ಪಹಣಿಯಲ್ಲಿ ಅಕ್ಷರವಾಗಿ ಇಳಿದ ಅಪೂರ್ವ ಸಂದರ್ಭವಿದು.

ಆದರೆ ಅದೇ ಕಾಲದಲ್ಲಿ ಹೆಗ್ಗಡದೇವನಕೋಟೆಯ ಕಡೆ ನಡೆದುದನ್ನೂ ಹೇಳದೆ ಬಿಟ್ಟರೆ ಚರಿತ್ರೆಯು ಪಕ್ಷಪಾತವಾಗುತ್ತದೆ. ೧೯೭೪ರಲ್ಲಿ ಕಪಿಲೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಮುಗಿಯಿತು. ಹಳ್ಳಿಗಳು ಮುಳುಗಿದುವು, ಜನರು ಗಂಟುಮೂಟೆಗಳನ್ನು ಕಟ್ಟಿಕೊಂಡು ಬೇರೆ ಕಡೆಗೆ ಹೋಗಬೇಕಾಯಿತು. ನಾಗರಹೊಳೆಯ ಕಾಡು ರಾಷ್ಟ್ರೀಯ ಉದ್ಯಾನವಾದಂತೆಲ್ಲ ಜೇನುಕುರುಬರೂ ಇತರ ಕಾಡಿನ ಜನರೂ ಹಾಡಿಗಳನ್ನು ಬಿಟ್ಟು ಹೊರಡಬೇಕಾಯಿತು. ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಮುಜಾಫರ್ ಅಸ್ಸಾದಿಯವರ ನೇತೃತ್ವದಲ್ಲಿ ಏರ್ಪಟ್ಟ ಸಮಿತಿಯು ೨೦೧೪ರಲ್ಲಿ ಕೊಟ್ಟ ವರದಿಯಲ್ಲಿ ಹೀಗೆ ಸ್ಥಳ ಕಳೆದುಕೊಂಡ ೩,೪೧೮ ಕುಟುಂಬಗಳ ಲೆಕ್ಕವಿದೆ. ಉಳುವವನಿಗೆ ಭೂಮಿಯೆಂಬ ತತ್ತ್ವವು ಉಳದೆ ಜೇನು ಕಿತ್ತು, ಗೆಡ್ಡೆ ಅಗೆದು ಬದುಕಿದವನ ಕೈಗೆ ಏನನ್ನೂ ಕೊಡಲಿಲ್ಲ. ಸರ್ಕಾರವು ಗಟ್ಟಿಯಾಗಿ ನಡೆದ ಕಾಲವೂ ಗಜಗ್ರಾಹದಲ್ಲಿ ನಿಂತುಹೋದ ಕಾಲವೂ ಇವರಿಗೆ ಒಂದೇ ಸಮನಾಗಿ ಕಂಡಿದ್ದರೆ ಅದು ಇವರ ತಪ್ಪಲ್ಲ. ವಿರಾಗವೆಂಬ ಮೂರನೆಯ ಮೆಟ್ಟಿಲು ಕೆಲವರಿಗೆ ಹುಟ್ಟಿನಿಂದಲೇ ಪ್ರಾಪ್ತವಾಗುತ್ತದೆ.

ಪ್ರಜೆಯ ಅನುಗ್ರಹವು ಶಾಶ್ವತವಲ್ಲವೆಂಬುದನ್ನೂ ಅರಸರ ಚರಿತ್ರೆಯೇ ತೋರಿಸಿತು. ೧೯೭೯ರಲ್ಲಿ ದೆಹಲಿಯಲ್ಲಿ ಮತ್ತೊಂದು ಗಜಗ್ರಾಹವಾಯಿತು. ಜನತಾ ಸರ್ಕಾರವು ಒಡೆಯಿತು, ಚರಣ್ ಸಿಂಗರು ಲೋಕಸಭೆಯ ವಿಶ್ವಾಸವನ್ನು ಪಡೆಯದೆಯೇ ರಾಜೀನಾಮೆ ಕೊಟ್ಟರು, ಆಗಸ್ಟಿನಲ್ಲಿ ಲೋಕಸಭೆಯು ವಿಸರ್ಜಿತವಾಯಿತು. ಅದೇ ವರ್ಷ ಅರಸರಿಗೂ ಇಂದಿರಾ ಗಾಂಧಿಯವರಿಗೂ ವಿರಸವುಂಟಾಗಿ ಅರಸರು ಬೇರೆ ಪಕ್ಷವನ್ನು ನಡೆಸಿದರು. ೧೯೮೦ರ ಜನವರಿಯ ಚುನಾವಣೆಯಲ್ಲಿ ಕರ್ಣಾಟಕದ ೨೮ ಸ್ಥಾನಗಳಲ್ಲಿ ೨೭ ಇಂದಿರಾ ಗಾಂಧಿಯವರ ಕಡೆಗೆ ಹೋದುವು. ಅರಸರು ಅಧಿಕಾರವನ್ನು ಬಿಟ್ಟರು; ೧೯೮೨ರ ಜೂನ್ ೬ರಂದು ತೀರಿಕೊಂಡರು. ಭೂಮಿಯನ್ನು ಕೊಟ್ಟವರನ್ನು ಜನರು ಮರೆಯಲಿಲ್ಲ; ಆದರೆ ಸ್ಥಿರವಾದ ಸರ್ಕಾರವು ಬೇಕೆಂದು ತೋರಿದಾಗ ಕೃತಜ್ಞತೆಯನ್ನು ಬದಿಗಿಟ್ಟು ಮತವನ್ನು ಕೊಟ್ಟರು. ಪ್ರಜೆಯ ನ್ಯಾಯವು ಕೆಲವು ವೇಳೆ ಕಠಿನವಾದುದು.

೫

ಈ ಪರಂಪರೆಯಲ್ಲಿ ಇತ್ತೀಚಿನ ಅಧ್ಯಾಯವು ೨೦೧೯ರದು. ೨೦೧೮ರ ವಿಧಾನಸಭೆಯ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತವು ಬರಲಿಲ್ಲ. ಮೇ ೧೭ರಂದು ಪ್ರಮಾಣವಚನವನ್ನು ಸ್ವೀಕರಿಸಿದ ಬಿ. ಎಸ್. ಯಡಿಯೂರಪ್ಪನವರು ೧೯ರಂದು ರಾಜೀನಾಮೆಯನ್ನಿತ್ತರು. ೨೩ರಂದು ಜನತಾದಳ ಮತ್ತು ಕಾಂಗ್ರೆಸ್ ಪಕ್ಷಗಳ ಕೂಟದ ಸರ್ಕಾರವು ಎಚ್. ಡಿ. ಕುಮಾರಸ್ವಾಮಿಯವರ ಮುಖಂಡತ್ವದಲ್ಲಿ ಸ್ಥಾಪಿತವಾಯಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಈ ಮೂರು ಕ್ಷೇತ್ರಗಳು ಜನತಾದಳಕ್ಕೂ ಹೆಗ್ಗಡದೇವನಕೋಟೆಯು ಕಾಂಗ್ರೆಸ್ಸಿಗೂ ಸಂದಿದ್ದುದರಿಂದ ನಾಲ್ಕು ತಾಲ್ಲೂಕುಗಳೂ ಆಳುವ ಕೂಟದ ಕೈಯಲ್ಲಿಯೇ ಇದ್ದುವು. ಇನ್ನು ಕೆಲಸಗಳಿಗೆ ಅಡ್ಡಿಯಿಲ್ಲವೆಂದು ಜನರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಹದಿನಾಲ್ಕು ತಿಂಗಳಲ್ಲಿ ಆ ಕೂಟವು ಮುರಿಯಿತು. ೨೦೧೯ರ ಜುಲೈಯಲ್ಲಿ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆಯನ್ನು ಬರೆದುಕೊಟ್ಟು ಮುಂಬಯಿಯ ಹೋಟೆಲಿನಲ್ಲಿ ಹೋಗಿ ನೆಲೆಸಿದರು. ಅವರಲ್ಲಿ ಹುಣಸೂರಿನ ಶಾಸಕರಾದ ಎ. ಎಚ್. ವಿಶ್ವನಾಥರೂ ಒಬ್ಬರು, ಕೃಷ್ಣರಾಜನಗರದ ಕಡೆಯವರು, ಆ ಕ್ಷೇತ್ರದಿಂದ ಹಿಂದೆ ಮೂರು ಸಲ ಗೆದ್ದವರು, ಕೆಲವೇ ದಿನಗಳ ಹಿಂದಿನವರೆಗೆ ಜನತಾದಳದ ರಾಜ್ಯಾಧ್ಯಕ್ಷರಾಗಿದ್ದವರು. ವಿಶ್ವಾಸದ ಚರ್ಚೆಯು ದಿನಗಟ್ಟಲೆ ನಡೆದು, ಜುಲೈ ೨೩ರಂದು ೯೯ಕ್ಕೆ ೧೦೫ ಮತಗಳಿಂದ ಸರ್ಕಾರವು ಬಿದ್ದಿತು. ರಾಜೀನಾಮೆ ಕೊಟ್ಟವರ ಪಕ್ಷವು ತಮ್ಮ ನಿರ್ಧಾರಕ್ಕೆ ಸರ್ಕಾರದ ದೋಷಗಳೇ ಕಾರಣವೆಂದಿತು. ಎದುರು ಪಕ್ಷವು ಅದನ್ನು ಪಕ್ಷದ್ರೋಹವೆಂದಿತು. ಎರಡು ಕಡೆಯ ವಾದಗಳನ್ನೂ ವೃತ್ತಪತ್ರಿಕೆಗಳಲ್ಲಿ ಓದುತ್ತಿದ್ದ ಜನರಿಗೆ ತಮ್ಮ ಪ್ರತಿನಿಧಿಯು ಎಲ್ಲಿರುವನೆಂಬುದೇ ಮೊದಲನೆಯ ಪ್ರಶ್ನೆಯಾಗಿತ್ತು.

ಜುಲೈ ೨೬ರಂದು ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. ಮಂತ್ರಿಮಂಡಲವು ವಿಸ್ತಾರವಾದದ್ದು ಆಗಸ್ಟ್ ೨೦ರಂದು. ನಡುವಣ ಇಪ್ಪತ್ತೈದು ದಿವಸ ಮುಖ್ಯಮಂತ್ರಿಯೊಬ್ಬರೇ ಮಂತ್ರಿಮಂಡಲ. ದೈವವು ಆ ದಿವಸಗಳನ್ನೇ ಆರಿಸಿದಂತೆ ಆಗಸ್ಟಿನ ಮೊದಲ ಭಾಗದಲ್ಲಿ ರಾಜ್ಯದಾದ್ಯಂತ ಮಹಾಪ್ರವಾಹವು ಬಂದಿತು. ಕೃಷ್ಣೆಯ ಕಡೆಯ ಜಿಲ್ಲೆಗಳು ನೀರಿನಲ್ಲಿ ಮುಳುಗಿದುವು. ಇತ್ತ ಲಕ್ಷ್ಮಣತೀರ್ಥವೂ ಕಪಿಲೆಯೂ ದಡ ಮೀರಿ ಹರಿದುವು. ಗದ್ದೆಗೆ ನೀರು ನುಗ್ಗಿದವನು ಯಾವ ಮಂತ್ರಿಗೆ ಹೇಳಿಕೊಳ್ಳಬೇಕು? ಹೊಗೆಸೊಪ್ಪಿನ ಪೈರು ಕೊಳೆತವನು ಯಾರ ಬಾಗಿಲಿಗೆ ಹೋಗಬೇಕು? ಹುಣಸೂರು ಪಿರಿಯಾಪಟ್ಟಣಗಳ ರೈತನಿಗೆ ಹೊಗೆಸೊಪ್ಪೆಂಬುದು ವರ್ಷದ ಸಾಲವನ್ನು ತೀರಿಸುವ ಏಕಮಾತ್ರ ಬೆಳೆ. ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸಲು ಸೌದೆಗೆ ಹಣ, ಕೂಲಿಗೆ ಹಣ. ಹರಾಜಿನಲ್ಲಿ ಬೆಲೆ ಬಿದ್ದರೆ ಆ ಹಣವೆಲ್ಲ ಸಾಲವಾಗಿ ನಿಲ್ಲುತ್ತದೆ. ಪ್ರಜಾಪ್ರತಿನಿಧಿ ಸಭೆಯ ಕಾಲದಲ್ಲಿ ಪ್ರತಿನಿಧಿಗೆ ಅಧಿಕಾರವಿರಲಿಲ್ಲ, ಆದರೂ ಅವನು ದಸರೆಗೆ ಬಂದು ಊರ ಕಷ್ಟವನ್ನು ಹೇಳಿ ಹೋಗುತ್ತಿದ್ದನು. ಈಗ ಪ್ರತಿನಿಧಿಗೆ ಸರ್ಕಾರವನ್ನು ಕೆಡಹುವಷ್ಟು ಅಧಿಕಾರವಿತ್ತು, ಊರ ಕಷ್ಟವನ್ನು ಹೇಳುವವರು ಮಾತ್ರ ಇರಲಿಲ್ಲ.

ಸಭಾಧ್ಯಕ್ಷರು ಹದಿನೇಳು ಶಾಸಕರನ್ನು ಅನರ್ಹರೆಂದು ತೀರ್ಪಿತ್ತರು. ನವೆಂಬರ್ ೧೩ರಂದು ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಅವರು ಮರಳಿ ಚುನಾವಣೆಗೆ ನಿಲ್ಲಬಹುದೆಂದು ಹೇಳಿತು. ಹದಿನೈದು ಕ್ಷೇತ್ರಗಳಿಗೆ ಡಿಸೆಂಬರ್ ೫ರಂದು ಮರುಚುನಾವಣೆಯೆಂದು ಗೊತ್ತಾಯಿತು. ವಿಶ್ವನಾಥರು ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಹುಣಸೂರಿನಲ್ಲಿ ನಿಂತರು. ಅದಕ್ಕೆ ಸ್ವಲ್ಪ ಮುಂಚೆ ಅವರು ಒಂದು ಬೇಡಿಕೆಯನ್ನು 

ಮುಂದಿಟ್ಟಿದ್ದರು. ಹುಣಸೂರನ್ನು ಕೇಂದ್ರವನ್ನಾಗಿ ಮಾಡಿ, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳನ್ನೂ ಅವುಗಳಿಂದ ಬೇರ್ಪಟ್ಟ ಸಾಲಿಗ್ರಾಮ, ಸರಗೂರುಗಳನ್ನೂ ಕೂಡಿಸಿ, ದೇವರಾಜ ಅರಸರ ಹೆಸರಿನಲ್ಲಿ ಹೊಸ ಜಿಲ್ಲೆಯನ್ನು ರಚಿಸಬೇಕೆಂಬುದೇ ಅದು. ಬೇಡಿಕೆಯು ಸ್ವತಃ ಅಯುಕ್ತವಾದುದಲ್ಲ. ನಾಗರಹೊಳೆಯ ಅಂಚಿನ ಹಾಡಿಯವನು ಜಿಲ್ಲಾಧಿಕಾರಿಯನ್ನು ಕಾಣಲು ಮೈಸೂರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಯನ್ನು ಕಳೆದುಕೊಂಡಂತೆಯೇ. ಆದರೆ ಒಳ್ಳೆಯ ಬೇಡಿಕೆಯೂ ಚುನಾವಣೆಯ ಹೊಸ್ತಿಲಲ್ಲಿ ಬಂದರೆ ಅದರ ಹಿಂದಿನ ಉದ್ದೇಶವನ್ನು ಜನರು ಸಂಶಯದಿಂದ ನೋಡುವರು. ಬೇಡಿಕೆಯು ಜನರಿಂದ ಎದ್ದು ನಾಯಕನನ್ನು ತಲಪುವುದು ಒಂದು ರೀತಿ. ನಾಯಕನಿಂದ ಇಳಿದು ಜನರನ್ನು ತಲಪುವುದು ಇನ್ನೊಂದು ರೀತಿ.

ಹುಣಸೂರಿನಲ್ಲಿ ನೂರಕ್ಕೆ ಸುಮಾರು ೮೦ ಮಂದಿ ಮತವನ್ನು ಕೊಟ್ಟರು. ಡಿಸೆಂಬರ್ ೯ರಂದು ಎಣಿಕೆಯಾದಾಗ ಕಾಂಗ್ರೆಸ್ಸಿನ ಎಚ್. ಪಿ. ಮಂಜುನಾಥರಿಗೆ ೯೨,೭೨೫ ಮತಗಳೂ ವಿಶ್ವನಾಥರಿಗೆ ೫೨,೯೯೮ ಮತಗಳೂ ಬಂದಿದ್ದುವು, ಅಂತರವು ೩೯,೭೨೭. ಹದಿನೈದು ಕ್ಷೇತ್ರಗಳಲ್ಲಿ ಹನ್ನೆರಡು ಕಡೆ ಆಳುವ ಪಕ್ಷವೇ ಗೆದ್ದಿತು. ಗೆಲ್ಲದೆ ಹೋದ ಮೂರು ಕ್ಷೇತ್ರಗಳಲ್ಲಿ ಹುಣಸೂರು ಒಂದು. ಉಳಿದೆಡೆಗಳಲ್ಲಿ ಜನರು ಪ್ರತಿನಿಧಿಗಳ ನಡತೆಯನ್ನು ಒಪ್ಪಿಕೊಂಡರೋ, ಸರ್ಕಾರವು ಮತ್ತೆ ಬೀಳುವುದು ಬೇಡವೆಂದು ಸುಮ್ಮನಾದರೋ, ಎರಡು ರೀತಿಯಾಗಿಯೂ ಅರ್ಥಮಾಡಬಹುದು. ಹುಣಸೂರಿನ ತೀರ್ಪಿಗೆ ಮಾತ್ರ ಎರಡರ್ಥವಿರಲಿಲ್ಲ.

೬

ಇಲ್ಲಿಗೆ ಕಥೆಯು ಮುಗಿದಿದ್ದರೆ ಪ್ರಜೆಯ ಜಯವೆಂದು ಬರೆದು ಲೇಖನವನ್ನು ಮುಗಿಸಬಹುದಾಗಿತ್ತು. ಚರಿತ್ರೆಯು ಅಷ್ಟು ಸರಳವಾಗಿಲ್ಲ. ಜನರು ಸೋಲಿಸಿದ ಅಭ್ಯರ್ಥಿಯು ೨೦೨೦ರಲ್ಲಿ ನಾಮಕರಣದ ಮೂಲಕ ವಿಧಾನಪರಿಷತ್ತಿಗೆ ಪ್ರವೇಶಿಸಿದರು. ಅನರ್ಹತೆಯಿಂದಾಗಿ ಅವರು ಮಂತ್ರಿಯಾಗುವಂತಿಲ್ಲವೆಂದು ಅದೇ ವರ್ಷ ಉಚ್ಚ ನ್ಯಾಯಾಲಯವು ತೀರ್ಮಾನಿಸಿತು. ೨೦೨೩ರ ಚುನಾವಣೆಯಲ್ಲಿ ಹುಣಸೂರಿನವರು ತಾವೇ ಮೇಲೆತ್ತಿದ್ದ ಮಂಜುನಾಥರನ್ನೂ ಕೆಳಗಿಳಿಸಿ ಜನತಾದಳದ ಜಿ. ಡಿ. ಹರೀಶ್ ಗೌಡರನ್ನು ಆರಿಸಿದರು. ನೆರೆಯ ಮೂರು ಕ್ಷೇತ್ರಗಳು ಕಾಂಗ್ರೆಸ್ಸಿನ ಕಡೆಗೆ ಹೋದುವು. ಐದು ವರ್ಷಗಳೊಳಗೆ ಒಂದೇ ಕ್ಷೇತ್ರವು ಮೂವರನ್ನು ಆರಿಸಿತು. ಹೊಗೆಸೊಪ್ಪಿನ ಬೆಲೆಯ ಚಿಂತೆಯೂ ಹಾಡಿಯ ಹಕ್ಕುಪತ್ರದ ಚಿಂತೆಯೂ ಮೂವರ ಕಾಲದಲ್ಲಿಯೂ ಹಾಗೆಯೇ ಉಳಿದುವು.

ಬಿನ್ನಹ, ಸತ್ಯಾಗ್ರಹ, ಮತ ಎಂಬ ಮೂರು ಉಪಾಯಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿದರೆ ಒಂದು ತತ್ತ್ವವು ಹೊರಬೀಳುತ್ತದೆ. ಬಿನ್ನಹಕ್ಕೆ ಬೇಡಿಕೆಯಿದ್ದಿತು, ಬಲವಿರಲಿಲ್ಲ. ಆದುದರಿಂದ ಅದು ಗೋಡೆಗೆ ತಗುಲಿ ನಿಂತಿತು. ೧೯೪೭ರ ಸತ್ಯಾಗ್ರಹಕ್ಕೂ ೧೯೭೨ರ ಮತಕ್ಕೂ ಬೇಡಿಕೆ, ಬಲ ಎರಡೂ ಇದ್ದುವು. ಆದುದರಿಂದ ಒಂದರಿಂದ ರಾಜ್ಯಾಂಗವೂ ಇನ್ನೊಂದರಿಂದ ಭೂಮಿಯ ಒಡೆತನವೂ ಬದಲಾದುವು. ೨೦೧೯ರ ಮತಕ್ಕೆ ಬಲವು ಬೇಕಾದಷ್ಟಿದ್ದಿತು. ಶಿಕ್ಷಿಸಬೇಕೆಂಬುದನ್ನು ಬಿಟ್ಟರೆ ಬೇರೆ ಬೇಡಿಕೆಯು ಅದರ ಹಿಂದೆ ಸ್ಪಷ್ಟವಾಗಿ ಕೂಡಿಬಂದಿರಲಿಲ್ಲ. ಶಿಕ್ಷೆಯು ನ್ಯಾಯವೇ ಆಗಿರಬಹುದು. ಆದರೆ ಮೊಸಳೆಯನ್ನು ಹೊಡೆದಮಾತ್ರಕ್ಕೆ ಮಡುವಿನ ನೀರು ತಿಳಿಯಾಗುವುದಿಲ್ಲ. ಬೇರೊಂದು ಮೊಸಳೆಯು ಬರದಂತೆ ಕಟ್ಟೆಯನ್ನು ಕಟ್ಟಬೇಕಾಗುತ್ತದೆ. ೧೯೮೫ರಲ್ಲಿ ಪಕ್ಷಾಂತರವನ್ನು ತಡೆಯಲು ಮಾಡಿದ ಕಾನೂನು ಅಂತಹ ಒಂದು ಕಟ್ಟೆ. ಅದರಲ್ಲಿ ಎಷ್ಟು ದೊಡ್ಡ ಬಿರುಕಿದೆಯೆಂಬುದನ್ನು ೨೦೧೯ ತೋರಿಸಿಕೊಟ್ಟಿತು. ಆ ಬಿರುಕನ್ನು ಮುಚ್ಚಬೇಕೆಂಬ ಕೂಗು ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಹೊಗೆಸೊಪ್ಪಿನ ಹರಾಜಿನ ಕಟ್ಟೆಯಲ್ಲಿಯೂ ಎದ್ದಾಗಲೇ ಶಿಕ್ಷೆಯು ಸುಧಾರಣೆಯಾಗಿ ಪರಿಣಮಿಸುವುದು.

ಕೌಟಿಲ್ಯನು ಹೇಳಿದ ಮೂರು ಮೆಟ್ಟಿಲುಗಳಲ್ಲಿ ಕ್ಷಯವನ್ನು ಈ ನಾಲ್ಕು ತಾಲ್ಲೂಕುಗಳು ಕ್ಷಾಮದಲ್ಲಿಯೂ ಪ್ರವಾಹದಲ್ಲಿಯೂ ಕಂಡಿವೆ. ಲೋಭವು ಚುನಾವಣೆಯ ಕಾಲದಲ್ಲಿ ಮನೆಬಾಗಿಲಿಗೆ ಬಂದು ಹೋಗುವುದನ್ನು ಎಲ್ಲರೂ ಬಲ್ಲರು. ವಿರಾಗವೊಂದು ಮಾತ್ರ ಇನ್ನೂ ಪೂರ್ಣವಾಗಿ ಬಂದಿಲ್ಲ. ನೂರಕ್ಕೆ ೮೦ ಮಂದಿ ಡಿಸೆಂಬರಿನ ಒಂದು ಗುರುವಾರ ಕೆಲಸವನ್ನು ಬಿಟ್ಟು ಮತಗಟ್ಟೆಯ ಮುಂದೆ ಸಾಲಾಗಿ ನಿಂತರೆಂದರೆ ಅವರಲ್ಲಿ ಅನುರಾಗವು ಇನ್ನೂ ಉಳಿದಿದೆಯೆಂದೇ ಅರ್ಥ. ರಾಮಸ್ವಾಮಿಯೆಂಬ ಹುಡುಗನು ಪ್ರಾಣವನ್ನು ಕೊಟ್ಟದ್ದು ಆ ಸಾಲಿನಲ್ಲಿ ನಿಲ್ಲುವ ಹಕ್ಕಿಗಾಗಿ. ಆ ಸಾಲು ಗಿಡ್ಡವಾಗುವ ದಿವಸವನ್ನು ನಾಯಕರು ತಮ್ಮ ಜಯವೆಂದು ಎಣಿಸಿಕೊಳ್ಳಬಾರದು. ಕೋಪಗೊಂಡು ಸಾಲಿನಲ್ಲಿ ನಿಂತ ಪ್ರಜೆಗೆ ಉತ್ತರ ಹೇಳಬಹುದು; ಮನೆಯಲ್ಲಿಯೇ ಉಳಿದ ಪ್ರಜೆಗೆ ಉತ್ತರ ಹೇಳುವ ಸಂದರ್ಭವೇ ಬರುವುದಿಲ್ಲ.